ಮೂವತ್ತೊಂದನೆಯ ಕಂತು

ಮೂವತ್ತೊಂದನೆಯ ಕಂತಿನಲ್ಲಿ ಶೆರೀಫ್ ಹಾರ್ಗನ್ ಒಂದೇ ಒಂದು ಗುಂಡು ಹಾರಿಸುವುದಿಲ್ಲ. ಅದಕ್ಕೇ ಆ ಕಂತೆಂದರೆ ಜಯನಿಗೆ ಜೀವ.

ಅಮೆರಿಕದ ಅರವತ್ತು ವರ್ಷ ಹಳೆಯ ಕಪ್ಪು ಬಿಳುಪು ಧಾರಾವಾಹಿ ಅದು. ಕುದುರೆ, ಧೂಳು, ಅಗಲ ಟೊಪ್ಪಿ, ಸೊಂಟದಲ್ಲಿ ಪಿಸ್ತೂಲು. ಬೆಂಗಳೂರಿನ ಒಂದು ಚಾನೆಲ್‌ನವರು ಭಾನುವಾರ ಬೆಳಿಗ್ಗೆ ಹಾಕಲೆಂದು ಅದನ್ನು ಕೊಂಡು, ಕನ್ನಡಕ್ಕೆ ಡಬ್ ಮಾಡುವ ಕೆಲಸವನ್ನು ಮಂಗಳೂರಿನ ಕೊಡಿಯಾಲ್‌ಬೈಲಿನ ಮೆರ್ಲಿನ್‌ಳ ಸ್ಟುಡಿಯೋಕ್ಕೆ ಕೊಟ್ಟಿದ್ದರು. ಡ್ರೈ ಫೋರ್ಡ್ ಎಂಬ ಪುಟ್ಟ ಊರನ್ನು ಕಾಯುವ ಶೆರೀಫನಿಗೆ ಜಯನ ಧ್ವನಿ.

ಧ್ವನಿಯ ಮಟ್ಟಿಗೆ ಮಂಗಳೂರಿನಲ್ಲಿ ಜಯನನ್ನು ಯಾರಿಗೂ ಪರಿಚಯಿಸಬೇಕಾಗಿರಲಿಲ್ಲ. ಮೂವತ್ತು ವರ್ಷ ತುಳು ನಾಟಕಗಳಲ್ಲಿ ಊರಿನ ಗುತ್ತುಮನೆಯ ಯಜಮಾನನಾಗಿ, ಇನ್‌ಸ್ಪೆಕ್ಟರನಾಗಿ, ನಾಯಕಿಯ ಅಪ್ಪನಾಗಿ ಗರ್ಜಿಸಿದವನು. ನಾಟಕವಿಲ್ಲದ ದಿನ ಆಟೋಕ್ಕೆ ಮೈಕ್ ಕಟ್ಟಿಕೊಂಡು ಬೀದಿ ಬೀದಿ ಪ್ರಚಾರಕ್ಕೆ ಹೋಗುತ್ತಿದ್ದ. ಕೊಟ್ಟಾರದಲ್ಲಿ ಆಟೋ ತಿರುವಿಗೆ ಬರುವ ಮೊದಲೇ ಜನ 'ಮೈಕ್ ಜಯಣ್ಣ ಬಂದ್ರು' ಎನ್ನುತ್ತಿದ್ದರು. ಐವತ್ತೆಂಟನೆಯ ವಯಸ್ಸಿನಲ್ಲಿ ಸಿಕ್ಕ ಈ ಡಬ್ಬಿಂಗ್ ಕೆಲಸ ಅವನಿಗೆ ಹೊಸ ಹುರುಪು ತಂದಿತ್ತು. ಪರದೆಯ ಮೇಲಿನ ಬೆಳ್ಳಗಿನ ಎತ್ತರದ ಆ ಮನುಷ್ಯ ತುಟಿ ಅಲ್ಲಾಡಿಸಿದಾಗ ತನ್ನ ಗಂಟಲಿನಿಂದ ಮಾತು ಬರುವುದನ್ನು ಎಷ್ಟು ಸಲ ನೋಡಿದರೂ ಅವನಿಗೆ ಬೇಸರ ಬರುತ್ತಿರಲಿಲ್ಲ.

ಆ ಕಂತಿನ ಕತೆ ಇಷ್ಟು. ಎಲೈ ಎಂಬ ಕೂಲಿಯಾಳನ್ನು ಜೈಲಿನಲ್ಲಿ ಇಟ್ಟಿದ್ದಾರೆ. ಕೊಟ್ಟಿಗೆಗೆ ಬೆಂಕಿ ಕೊಟ್ಟು ಇಬ್ಬರನ್ನು ಕೊಂದ ಎಂದು ಆರೋಪ. ವಿಚಾರಣೆ ಇನ್ನೂ ಆಗಿಲ್ಲ. ಊರಿನವರಿಗೆ ಅಷ್ಟು ತಾಳ್ಮೆ ಇಲ್ಲ. ಹಗ್ಗ ಹಿಡಿದುಕೊಂಡು ಜೈಲಿನ ಮುಂದೆ ಬಂದು ನಿಲ್ಲುತ್ತಾರೆ. ಶೆರೀಫ್ ತನ್ನ ಪಿಸ್ತೂಲನ್ನು ಬಿಚ್ಚಿ ಕುರ್ಚಿಯ ಮೇಲಿಟ್ಟು, ಬರಿಗೈಯಲ್ಲಿ ಜಗಲಿಗೆ ಬಂದು ಮಾತಾಡತೊಡಗುತ್ತಾನೆ. ನಾಲ್ಕು ನಿಮಿಷ ಅವನದೊಂದೇ ಮಾತು. ಒಬ್ಬ ತಲೆ ತಗ್ಗಿಸುತ್ತಾನೆ, ಇನ್ನೊಬ್ಬ ಹಗ್ಗ ಕೆಳಗೆ ಹಾಕುತ್ತಾನೆ, ಗುಂಪು ಕರಗುತ್ತದೆ. ಶೆರೀಫ್ ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ನೋಡಿದರೆ ಹಿಂಬಾಗಿಲು ಮುರಿದು ಬಿದ್ದಿದೆ, ಜೈಲಿನ ಕೋಣೆ ಖಾಲಿ. ಅವನು ಮುಂದೆ ಮಾತಾಡುತ್ತಿದ್ದಷ್ಟು ಹೊತ್ತಿನಲ್ಲಿ ನಾಲ್ಕು ಜನ ಹಿಂದಿನಿಂದ ಬಂದು ಕೆಲಸ ಮುಗಿಸಿದ್ದಾರೆ. ಕೊನೆಯ ದೃಶ್ಯದಲ್ಲಿ ಮರದ ಕೆಳಗೆ ಎಲೈಯ ತಾಯಿ ಕೂತಿದ್ದಾಳೆ. ಶೆರೀಫ್ ಟೊಪ್ಪಿ ತೆಗೆದು ಅವಳ ಎದುರು ನಿಂತು ಹೇಳುತ್ತಾನೆ: "ನಾನು ಮುಂಬಾಗಿಲಲ್ಲಿ ಮಾತಾಡ್ತಾ ನಿಂತಿದ್ದೆ, ಅಮ್ಮ."

ಅಷ್ಟೇ. ಕತೆ ಮುಗಿಯಿತು.

ಮೊದಲ ಸಲ ಅದನ್ನು ನೋಡಿದಾಗ ಜಯ ಸೌಂಡ್ ಎಂಜಿನಿಯರ್ ತುಷಾರನ ಭುಜ ಹಿಡಿದು ಅಲ್ಲಾಡಿಸಿದ್ದ. "ಇದನ್ನು ನಾನು ಬಿಡುದಿಲ್ಲ ಮಾರಾಯ. ಇಡೀ ಸೀರಿಯಲ್ ಇದಕ್ಕಾಗಿಯೇ ಮಾಡಿದ್ದು ಅಂತ ತಿಳ್ಕೋ. ಇದು ನನ್ನದು." ಚಾನೆಲ್‌ನವರಿಂದ ಕನ್ನಡ ಸ್ಕ್ರಿಪ್ಟ್ ಬರುವುದು ಇನ್ನೂ ತಡವಿತ್ತು. ಜಯ ಅಲ್ಲಿಯವರೆಗೆ ಕಾಯದೆ ತನಗೆ ತೋಚಿದ ಮಾತು ಜೋಡಿಸಿಕೊಂಡು, ಮನೆಯ ಹಿಂದೆ ಬಾಳೆಗಿಡಗಳಿಗೆ ನೀರು ಬಿಡುತ್ತ ಆ ಭಾಷಣವನ್ನು ಹೇಳಿಕೊಳ್ಳುತ್ತಿದ್ದ. ಗಟ್ಟಿಯಾಗಿ ಅಲ್ಲ, ಮೆಲ್ಲಗೆ. ಅದು ಕೂಗುವ ಮಾತಲ್ಲ, ನೆರೆಮನೆಯವನ ಹತ್ತಿರ ಬೇಲಿಯಾಚೆಯಿಂದ ಹೇಳುವ ಮಾತು ಎಂದು ಅವನಿಗೆ ಖಚಿತವಾಗಿತ್ತು.

ಆ ಹೊತ್ತಿಗೆ ಸ್ವರ ಒಡೆಯಲು ಶುರುವಾಗಿ ಎರಡು ತಿಂಗಳಾಗಿತ್ತು. ನಾಟಕದವರಿಗೆ ಸ್ವರ ಕೂರುವುದು ಹೊಸತೇನಲ್ಲ. ಜೀರಿಗೆ ಕಷಾಯ, ಕಲ್ಲುಸಕ್ಕರೆ, ಒಳ್ಳೆಮೆಣಸಿನ ಕಾಳು, ಎಲ್ಲ ಆಯಿತು. ಹೆಂಡತಿ ಅಮ್ಮಣಿ ಗದರಿಸಿ ಗದರಿಸಿ ಕೊನೆಗೆ ಡಾಕ್ಟರರ ಹತ್ತಿರ ಎಳೆದುಕೊಂಡು ಹೋದಳು. ಗಂಟಲಿಗೆ ಕ್ಯಾಮರಾ ಇಳಿಸಿದರು, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಒಂದು ವಾರ ಬಿಟ್ಟು ಡಾಕ್ಟರು ಇಬ್ಬರನ್ನೂ ಕೂರಿಸಿ, ಧ್ವನಿಪೆಟ್ಟಿಗೆಯನ್ನೇ ಪೂರ್ತಿ ತೆಗೆಯಬೇಕೆಂದರು.

"ಮತ್ತೆ ಮಾತು?" ಜಯ ಕೇಳಿದ.

"ಜೀವ ಉಳಿಯುತ್ತದೆ," ಎಂದರು ಡಾಕ್ಟರು. ಅವರು ಒಳ್ಳೆಯವರು. ಕೇಳಿದ್ದಕ್ಕೆ ಅದು ಉತ್ತರವಲ್ಲ ಎಂದು ಅವರಿಗೂ ಗೊತ್ತಿತ್ತು.

ಬುಧವಾರ ಆಸ್ಪತ್ರೆಗೆ ಸೇರಬೇಕು. ಸ್ಕ್ರಿಪ್ಟ್ ಬಂದದ್ದು ಅದೇ ವಾರದ ಸೋಮವಾರ. ಮೆರ್ಲಿನ್ ಉಳಿದ ಕೆಲಸಗಳನ್ನೆಲ್ಲ ಬದಿಗಿಟ್ಟು ಮಧ್ಯಾಹ್ನ ಮೂರಕ್ಕೆ ರೆಕಾರ್ಡಿಂಗ್ ಇಟ್ಟಳು. ಜಯ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದ. ಹೆಡ್‌ಫೋನ್ ಕಿವಿಗೇರಿತು. ಪರದೆಯಲ್ಲಿ ಶೆರೀಫ್ ಜಗಲಿಗೆ ಬಂದ.

"ಇಲ್ಲಿ ನಿಂತಿರುವ ಒಬ್ಬೊಬ್ಬರ ಹೆಸರೂ ನನಗೆ ಗೊತ್ತು," ಎಂದ ಜಯ. ಮರ ಕೊಯ್ಯುವ ಗರಗಸದಂತಹ ಸದ್ದು ಬಂತು.

"ಜಯಣ್ಣ, ಸ್ವಲ್ಪ ಬಿಸಿನೀರು ಕುಡೀರಿ," ಎಂದ ತುಷಾರ್ ಗಾಜಿನಾಚೆಯಿಂದ.

ಕುಡಿದು ಮತ್ತೆ ಹೇಳಿದ. ಮೊದಲ ಸಾಲು ದಾಟಿತು, ಎರಡನೆಯದರ ನಡುವೆ ಸ್ವರ ಕೈಕೊಟ್ಟು ಬರೀ ಗಾಳಿ ಬಂತು. ಆರು ಸಲ ಮಾಡಿದರು. ತುಷಾರ್ ಒಮ್ಮೆಯೂ ಸರಿಯಾಗಲಿಲ್ಲ ಎನ್ನಲಿಲ್ಲ. ಪ್ರತಿಸಲವೂ ಬಿಸಿನೀರು ಎಂದ. ಏಳನೆಯ ಸಲ ಜಯ ಬಾಯಿ ತೆರೆದಾಗ ಮೆರ್ಲಿನ್ ತಾನೇ ಒಳಗೆ ಬಂದು ಅವನ ಕಿವಿಯಿಂದ ಹೆಡ್‌ಫೋನ್ ತೆಗೆದಳು.

"ಸಾಕು ಜಯಣ್ಣ. ಮೊದಲು ಗುಣ ಆಗಿ."

"ಗುಣ ಆದ ಮೇಲೆ ಎಂತದ್ದು ಮೇಡಂ?" ಎಂದ ಜಯ. ಆ ಸ್ಟುಡಿಯೋದಲ್ಲಿ ಅವನು ಆಡಿದ ಕೊನೆಯ ಮಾತು ಅದೇ ಆಯಿತು.

ಆಪರೇಷನ್ ಚೆನ್ನಾಗಿಯೇ ಆಯಿತು ಎಂದರು. ಎಚ್ಚರವಾದಾಗ ಕುತ್ತಿಗೆಯ ನಡುವೆ ಒಂದು ತೂತು, ಅದರಲ್ಲೊಂದು ಕೊಳವೆ. ಇನ್ನು ಉಸಿರಾಟ ಅಲ್ಲಿಂದಲೇ. ಮೂಗು, ಬಾಯಿ ಮುಖದ ಅಂದಕ್ಕೆ ಮಾತ್ರ. ಜಯ ನರ್ಸನ್ನು ಕರೆಯಲೆಂದು ಬಾಯಿ ತೆರೆದ. ತುಟಿಗಳು ಪದವನ್ನು ಮಾಡಿದವು, ನಾಲಿಗೆಯೂ ತನ್ನ ಕೆಲಸ ಮಾಡಿತು. ಸದ್ದು ಮಾತ್ರ ಇಲ್ಲ. ಅಳು ಬಂತು, ಅದಕ್ಕೂ ಸದ್ದಿಲ್ಲ. ಪಕ್ಕದಲ್ಲೇ ಬೆನ್ನು ಹಾಕಿ ಹಣ್ಣು ಹೆಚ್ಚುತ್ತಿದ್ದ ಅಮ್ಮಣಿಗೆ ಅವನು ಅಳುತ್ತಿರುವುದು ತಿರುಗಿ ನೋಡುವವರೆಗೆ ಗೊತ್ತೇ ಆಗಲಿಲ್ಲ.

ಕೊಳವೆ ತೆಗೆದು, ತೊಳೆದು, ಕಫ ಒರೆಸಿ, ಪುನಃ ಹಾಕುವುದನ್ನು ಸಿಸ್ಟರ್ ರಿಝ್ವಾನಾ ಮನೆಯವರಿಗೆ ಕಲಿಸಿದಳು. ಅಮ್ಮಣಿ ಕೊಳವೆ ಮುಟ್ಟಲಾರದೆ ಹಿಂದೆ ಸರಿದಳು. ಕಲಿತದ್ದು ಮಗ ರೋಷನ್.

ರೋಷನ್ ಸಿಟಿ ಬಸ್ಸಿನ ಕಂಡಕ್ಟರ್. ಸ್ಟೇಟ್‌ಬ್ಯಾಂಕ್ ಬಸ್ ನಿಲ್ದಾಣದಿಂದ ಕುಂಜತ್ತಬೈಲಿಗೆ ದಿನಕ್ಕೆ ಎಂಟು ಟ್ರಿಪ್. ಇಪ್ಪತ್ತೇಳು ವರ್ಷದ ಅವನಿಗೆ ಅಪ್ಪನ ಸ್ವರವೇ ಅಚ್ಚು ಹೊಡೆದಂತೆ ಬಂದಿತ್ತು. ಅದೇ ಜಯನಿಗೆ ಸಂಕಟ. ದೇವರು ಕೊಟ್ಟ ಕಂಠ, ಫುಟ್‌ಬೋರ್ಡಿನಲ್ಲಿ ನಿಂತು 'ಹಿಂದೆ ಹೋಗಿ, ಹಿಂದೆ ಖಾಲಿ ಉಂಟು' ಎನ್ನುವುದಕ್ಕೆ ಖರ್ಚಾಗುತ್ತದಲ್ಲ ಎಂದು. ಹದಿನಾರರಲ್ಲಿ ಅವನನ್ನು ನಾಟಕಕ್ಕೆ ಕರೆದುಕೊಂಡು ಹೋಗಿದ್ದ. ಪೋಸ್ಟ್‌ಮ್ಯಾನ್ ಪಾರ್ಟು, ಎರಡೇ ಮಾತು. ರೋಷನ್ ರಂಗದ ಮೇಲೆ ಕಂಬದ ಹಾಗೆ ನಿಂತುಬಿಟ್ಟ. ಜಯ ಗ್ರೀನ್‌ರೂಮಿನಲ್ಲಿ ಎಲ್ಲರೆದುರು ಅವನಿಗೆ ಬೈದ. ಏನೇನು ಬೈದನೋ ಅವನಿಗೇ ಈಗ ನೆನಪಿಲ್ಲ. ರೋಷನಿಗೆ ನೆನಪಿರಬೇಕು. ಅಂದಿನಿಂದ ಅವನು ಅಪ್ಪನ ಒಂದು ನಾಟಕಕ್ಕೂ ಬರಲಿಲ್ಲ. ಮನೆಯಲ್ಲಿ ಇಬ್ಬರ ನಡುವೆ ಬೇಕಾದಷ್ಟೇ ಮಾತು.

ಈಗ ಅದೇ ಮಗ ಬೆಳಿಗ್ಗೆ ಐದೂವರೆಗೆ ಎದ್ದು ಅಪ್ಪನ ಕುತ್ತಿಗೆಯ ಕೊಳವೆ ತೊಳೆದು ಡ್ಯೂಟಿಗೆ ಹೋಗುತ್ತಿದ್ದ. ಅವನ ಕೈ ಹಗುರ. ಏನೂ ಮಾತಾಡುತ್ತಿರಲಿಲ್ಲ. ಜಯನಿಗಂತೂ ಮಾತಿಲ್ಲ. ಗುಂಡಿ ಒತ್ತಿದರೆ ಅಳಿಸಿಹೋಗುವ, ಮಕ್ಕಳ ಒಂದು ಸ್ಲೇಟನ್ನು ರೋಷನೇ ತಂದುಕೊಟ್ಟಿದ್ದ. ಜಯ ಅದರಲ್ಲಿ 'ಚಾ', 'ಫ್ಯಾನ್', 'ನೋವು' ಎಂದು ಬರೆಯುತ್ತಿದ್ದ. ಒಂದು ಕಾಲದಲ್ಲಿ ಅರ್ಧ ಪುಟದ ಸಂಭಾಷಣೆಯನ್ನು ಒಂದೇ ಉಸಿರಿಗೆ ಹೇಳುತ್ತಿದ್ದವನು.

ಏಳು ವಾರ ಕಳೆದ ಮೇಲೆ ಮೆರ್ಲಿನ್ ಮನೆಗೆ ಬಂದಳು. ಕಿತ್ತಳೆ ಹಣ್ಣು ತಂದಿದ್ದಳು. ಸ್ವಲ್ಪ ಹೊತ್ತು ಅದೂ ಇದೂ ಮಾತಾಡಿ ಕೊನೆಗೆ ವಿಷಯಕ್ಕೆ ಬಂದಳು. ಮೂವತ್ತು ಕಂತು ಪ್ರಸಾರವಾಗುತ್ತ ಬಂದಿದೆ, ಕೊನೆಯದೊಂದು ಬಾಕಿ. ಚಾನೆಲ್‌ನವರು ಇನ್ನು ಕಾಯುವುದಿಲ್ಲ. ಬೆಂಗಳೂರಿನಿಂದ ಬೇರೆ ಆರ್ಟಿಸ್ಟ್ ಕರೆಸುತ್ತಾರಂತೆ.

"ನನಗೊಂದು ತೋಚಿತು," ಎಂದಳು ಮೆರ್ಲಿನ್. "ಬೈಬೇಡಿ. ರೋಷನ್ ಮಾಡಬಹುದಾ?"

ಬಾಗಿಲಲ್ಲಿ ಶೂ ಬಿಚ್ಚುತ್ತಿದ್ದ ರೋಷನ್ ಹಾಗೆಯೇ ನಿಂತ. "ನಾನಾ? ಎಂತ ಮೇಡಂ ನೀವು! ನನಗೆ ಆ್ಯಕ್ಟಿಂಗ್ ಎಲ್ಲ ಆಗುದಿಲ್ಲ. ಪಪ್ಪನ ಹತ್ತಿರವೇ ಕೇಳಿ."

"ಫೋನಿನಲ್ಲಿ ನೀನು ಹಲೋ ಹೇಳಿದ್ರೆ ನೀನಾ ಜಯಣ್ಣನಾ ಅಂತ ನನಗೇ ಗೊತ್ತಾಗುದಿಲ್ಲ ಮಾರಾಯ. ಜಯಣ್ಣ ಪಕ್ಕದಲ್ಲಿ ಕೂತು ಹೇಳಿಕೊಡ್ತಾರೆ."

ಹೇಳಿಕೊಡ್ತಾರೆ ಎಂದದ್ದೇ ಅವಳು ನಾಲಿಗೆ ಕಚ್ಚಿಕೊಂಡಳು.

ಜಯನಿಗೆ ಬೇಡವೆನ್ನಬೇಕೆನಿಸಿತು. ಬೇರೆಯವರು ಮಾಡುವುದೂ ಬೇಡ, ಇವನು ಮಾಡುವುದೂ ಬೇಡ, ಆ ಕಂತೇ ಬೇಡ ಎಂದು. ಆದರೆ ಅಷ್ಟನ್ನು ಸ್ಲೇಟಿನಲ್ಲಿ ಬರೆಯುವುದು ಹೇಗೆ? ಎಲ್ಲರೂ ತನ್ನ ಕೈಯನ್ನೇ ನೋಡುತ್ತಿದ್ದರು. ಅವನು 'ಆಗಲಿ' ಎಂದು ಬರೆದ. ಮೂರೇ ಅಕ್ಷರ, ಬೇಗ ಮುಗಿಯಿತು.

ರೋಷನ್ ಅದನ್ನು ಓದಿ ಅಪ್ಪನ ಮುಖ ನೋಡಿದ. "ನೀವು ಹೇಳಿದ್ರೆ ಮಾಡ್ತೇನೆ," ಎಂದ. ಸಂತೋಷವಿರಲಿಲ್ಲ ಆ ಸ್ವರದಲ್ಲಿ.

ರಜೆ ಸಿಕ್ಕಿದ ಒಂದು ಗುರುವಾರ ಅಪ್ಪ ಮಗ ಇಬ್ಬರೂ ಸ್ಟುಡಿಯೋಕ್ಕೆ ಹೋದರು. ಧೂಳು ಹೋಗಬಾರದೆಂದು ಜಯನ ಕುತ್ತಿಗೆಗೆ ಅಮ್ಮಣಿ ತೆಳ್ಳಗಿನ ಬಿಳಿ ಬಟ್ಟೆ ಕಟ್ಟಿದ್ದಳು. ಸಾಮಾನಿನ ಚೀಲದಲ್ಲಿ ಕಫ ಒರೆಸುವ ಗಾಜ್ ಬಟ್ಟೆ, ಸಲೈನ್ ನೀರು, ಇನ್ನೊಂದು ಕೊಳವೆ. ಜಯನನ್ನು ತುಷಾರನ ಪಕ್ಕದ ಕುರ್ಚಿಯಲ್ಲಿ ಕೂರಿಸಿದರು. ಇಷ್ಟು ದಿನ ಅವನು ಗಾಜಿನ ಒಳಗಿದ್ದವನು. ಹೊರಗಿನಿಂದ ಆ ಕೋಣೆ ಇಷ್ಟು ಸಣ್ಣದೆಂದು ಅವನಿಗೆ ಗೊತ್ತಿರಲಿಲ್ಲ.

ರೋಷನ್ ಕಾಗದ ಹಿಡಿದು ಮೈಕಿನ ಮುಂದೆ ನಿಂತ. ಪರದೆಯಲ್ಲಿ ಶೆರೀಫ್ ಜಗಲಿಗೆ ಬಂದ.

"ಇಲ್ಲಿ ನಿಂತಿರುವ ಒಬ್ಬೊಬ್ಬರ ಹೆಸರೂ ನನಗೆ ಗೊತ್ತು!"

ತುಷಾರ್ ಬೆಚ್ಚಿ ಸದ್ದು ತಗ್ಗಿಸುವ ಗುಂಡಿಗೆ ಕೈಹಾಕಿದ. ಜಯ ಕಣ್ಣು ಮುಚ್ಚಿದ. ಸ್ವರ ತನ್ನದೇ. ಕಳೆದುಹೋದದ್ದು ಬೇರೊಬ್ಬನ ಕೈಯಲ್ಲಿ ಕಂಡಂತೆ. ಆದರೆ ಮಾತೆಲ್ಲ ತಪ್ಪು. ಆರ್ಭಟ. ಸಾಲಿನ ಕೊನೆಗೆ ಎಳೆತ. ಪದಗಳ ನಡುವೆ ಎದೆಯುಬ್ಬಿಸಿದ ಉಸಿರು. ಹೀಗಲ್ಲ, ಮೆಲ್ಲಗೆ, ಬೇಲಿಯಾಚೆಯವನ ಹತ್ತಿರ ಹೇಳುವ ಹಾಗೆ. ಜಯ ಸ್ಲೇಟಿನಲ್ಲಿ 'ಮೆಲ್ಲ' ಎಂದು ಬರೆದು ಗಾಜಿಗೆ ಒತ್ತಿ ಹಿಡಿದ.

ರೋಷನ್ ತಲೆಯಾಡಿಸಿದ. ಸ್ವರ ಸಣ್ಣದಾಯಿತು, ಆರ್ಭಟ ಹಾಗೆಯೇ ಉಳಿಯಿತು. ಸಣ್ಣ ಡಬ್ಬದಲ್ಲಿ ತುಂಬಿಟ್ಟ ಆರ್ಭಟ. ಜಯ ಅಂಗೈ ಕೆಳಗೆ ಮಾಡಿ ತೋರಿಸಿದ. ರೋಷನ್ ಬಗ್ಗಿದ. ಜಯ ಎದೆ ಮುಟ್ಟಿಕೊಂಡ. ರೋಷನ್ ಮಾತಿಗೆ ಅಳು ಬೆರೆಸಿದ. ಜಯ ಎದ್ದುನಿಂತು ತಾನೇ ತುಟಿಯಾಡಿಸಿ ತೋರಿಸತೊಡಗಿದ. ಇಡೀ ಸಾಲನ್ನು, ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತು, ಎಲ್ಲಿ ಬಿಡಬೇಕೋ ಅಲ್ಲಿ ಬಿಟ್ಟು. ಬಾಳೆಗಿಡಗಳ ಹತ್ತಿರ ನೂರು ಸಲ ಹೇಳಿದ್ದು ಅವನ ತಲೆಯೊಳಗೆ ಗಂಟೆ ಹೊಡೆದಷ್ಟು ಸ್ಪಷ್ಟವಾಗಿ ಕೇಳುತ್ತಿತ್ತು. ಗಾಜಿನಾಚೆಯ ರೋಷನಿಗೆ ಕಂಡದ್ದು ಮೀನಿನ ಹಾಗೆ ಬಾಯಿ ತೆರೆದು ಮುಚ್ಚುತ್ತಿರುವ ಅಪ್ಪ.

ಹನ್ನೊಂದು ಟೇಕ್ ಆಯಿತು. ರೋಷನ್ ಹೆಡ್‌ಫೋನ್ ಕುತ್ತಿಗೆಗೆ ಇಳಿಸಿದ.

"ಪಪ್ಪಾ, ನೀವು ಎಂತ ಹೇಳ್ತಾ ಇದ್ದೀರಿ ಅಂತ ನನಗೆ ಗೊತ್ತಾಗುದಿಲ್ಲ. ನೀವು ಮಾಡುವ ಹಾಗೆಯೇ ಮಾಡ್ತಾ ಇದ್ದೇನೆ. ನೀವು ಹೀಗೆಯೇ ಅಲ್ವಾ ಮಾಡುದು?"

ಜಯ ಮೆಲ್ಲಗೆ ಕುರ್ಚಿಯಲ್ಲಿ ಕೂತ. ಹೌದು. ಮೂವತ್ತು ವರ್ಷ ಹೀಗೆಯೇ. ಎಳೆತ ತನ್ನದು, ಎದೆಯುಬ್ಬಿಸಿದ ಉಸಿರೂ ತನ್ನದು. ಮಗ ನಾಟಕ ನೋಡಲು ಬರುವುದಿಲ್ಲ ಎಂದುಕೊಂಡಿದ್ದ. ಆದರೆ ಮನೆಯ ಗೋಡೆಯಾಚೆಯಿಂದ ಪ್ರಾಕ್ಟೀಸು ಕೇಳದೆ ಇರಲು ಸಾಧ್ಯವೇ? ಮೆಲ್ಲಗೆ ಹೇಳುವ ಆ ಒಂದು ರೀತಿ ಮಾತ್ರ ಹೊಸತು, ಅದನ್ನು ಯಾರೂ ಕೇಳಿರಲಿಲ್ಲ. ಇನ್ನು ಕೇಳುವುದೂ ಇಲ್ಲ. ಅವನು ಸ್ಲೇಟಿನಲ್ಲಿ 'ನನ್ನ ಹಾಗೆ ಬೇಡ' ಎಂದು ಬರೆದ.

"ಮತ್ತೆ ಯಾರ ಹಾಗೆ?" ಎಂದ ರೋಷನ್. ಅವನ ಸ್ವರದಲ್ಲಿ ಸಿಟ್ಟಿತ್ತು. "ಅದಾದ್ರೂ ಬರೀರಿ."

ಜಯ ಬರೆಯಲು ಹೊರಟ. ಏನು ಬರೆಯಬೇಕೆಂದು ತಿಳಿಯಲಿಲ್ಲ. ಅಷ್ಟರಲ್ಲಿ ಕೆಮ್ಮು ಬಂತು. ಎ.ಸಿ.ಯ ಒಣ ಗಾಳಿಗೆ ಬೆಳಿಗ್ಗೆಯಿಂದಲೇ ಕೊಳವೆಯಲ್ಲಿ ಕಫ ಗಟ್ಟಿಯಾಗುತ್ತಿತ್ತು, ಆವೇಶದಲ್ಲಿ ಅವನು ಅದನ್ನು ಗಮನಿಸಿರಲಿಲ್ಲ. ಕೆಮ್ಮಿದ, ಬರಲಿಲ್ಲ. ಉಸಿರೆಳೆದ, ಅದೂ ಬರಲಿಲ್ಲ. ತುಷಾರನ ತೋಳು ಹಿಡಿಯಲು ಹೋದ ಕೈ ಮೇಜಿನ ಮೇಲಿದ್ದ ನೀರಿನ ಲೋಟವನ್ನು ಬೀಳಿಸಿತು. ತುಷಾರ್ "ಜಯಣ್ಣಾ, ಜಯಣ್ಣಾ" ಎನ್ನುತ್ತ ಬೆನ್ನು ತಟ್ಟಿದ. ಬೆನ್ನು ತಟ್ಟಿದರೆ ಏನೂ ಆಗುವುದಿಲ್ಲ ಎಂದು ಅವನಿಗೆ ಹೇಳುವವರಾರು? ಮೆರ್ಲಿನ್ ಓಡಿಬಂದು ಬಾಯಿಗೆ ನೀರು ಹಿಡಿದಳು. ಜಯ ತಲೆಯಲ್ಲಾಡಿಸಿದ. ಕಣ್ಣೆದುರು ಗುಂಡಿಗಳ ಸಣ್ಣ ಕೆಂಪು ದೀಪಗಳು ಮಸುಕಾದವು. ಇಷ್ಟು ಜನರ ನಡುವೆ, ಇಷ್ಟು ಹತ್ತಿರದಲ್ಲಿ, ಒಂದು ಮಾತಿಲ್ಲದೆ ಹೋಗುತ್ತೇನೆ ಎಂದುಕೊಂಡ.

ದಪ್ಪ ಬಾಗಿಲು ತೆರೆದ ಸದ್ದಾಯಿತು. ರೋಷನ್ ಎಲ್ಲರನ್ನೂ ಸರಿಸಿ ಮೊಣಕಾಲೂರಿ ಕೂತ. ಬಟ್ಟೆ ಮೇಲೆತ್ತಿ ಒಳಕೊಳವೆ ಎಳೆದು ತೆಗೆದ, ತೂತಿಗೆ ನಾಲ್ಕು ಹನಿ ಸಲೈನ್ ಬಿಟ್ಟ. "ಕೆಮ್ಮಿ ಪಪ್ಪ. ಈಗ ಕೆಮ್ಮಿ. ಇನ್ನೊಮ್ಮೆ. ನಾನಿದ್ದೇನೆ, ಕೆಮ್ಮಿ." ಮೂರನೆಯ ಸಲಕ್ಕೆ ಗಟ್ಟಿ ಉಂಡೆಯೊಂದು ಹೊರಬಂತು. ಹಿಂದೆಯೇ ಗಾಳಿ ಒಳಗೆ ಹೋಯಿತು. ರೋಷನ್ ಬರಿಗೈಯಿಂದಲೇ ಅದನ್ನು ಒರೆಸಿದ. ಬೇರೆ ಕೊಳವೆ ಹಾಕಿದ, ಬಟ್ಟೆ ಕಟ್ಟಿದ. ಆಮೇಲೆ ಅಲ್ಲೇ ನೆಲದ ಮೇಲೆ, ಚೆಲ್ಲಿದ ನೀರಿನಲ್ಲಿ, ಕೂತು ಕೈ ಒರೆಸಿಕೊಂಡ.

"ಇವತ್ತಿಗೆ ಬೇಡ," ಎಂದಳು ಮೆರ್ಲಿನ್.

"ಇನ್ನೊಮ್ಮೆ ರಜೆ ಸಿಗುದಿಲ್ಲ ಮೇಡಂ," ಎಂದು ರೋಷನ್ ಎದ್ದ. "ಮುಗಿಸಿಬಿಡುವ."

ಅವನು ಒಳಗೆ ಹೋಗಿ ನಿಂತ. ಜಯ ಸ್ಲೇಟು ಎತ್ತಲಿಲ್ಲ. ಎತ್ತುವ ಶಕ್ತಿ ಇರಲಿಲ್ಲ.

"ಇಲ್ಲಿ ನಿಂತಿರುವ ಒಬ್ಬೊಬ್ಬರ ಹೆಸರೂ ನನಗೆ ಗೊತ್ತು," ಎಂದ ರೋಷನ್. ದಣಿದ ಸ್ವರ. "ಪಕ್ಕದಲ್ಲಿ ನಿಂತವನ ಹೆಸರು ನಿಮಗೂ ಗೊತ್ತು. ನಾಳೆ ಬೆಳಿಗ್ಗೆ ಅಂಗಡಿಯಲ್ಲಿ ಅವನನ್ನು ಅದೇ ಹೆಸರಿನಿಂದ ಕರೆಯಬೇಕು. ಆಗುತ್ತದಾ ನಿಮಗೆ?" ಅವನಿಗೆ ಯಾರನ್ನೂ ಅನುಕರಿಸುವ ತ್ರಾಣ ಉಳಿದಿರಲಿಲ್ಲ. ಒಂದೆರಡು ಕಡೆ ಪದ ತಡವರಿಸಿತು. ಒಂದು ಕಡೆ ಶೆರೀಫನ ತುಟಿಗೆ ಮಾತು ಕೂಡಲಿಲ್ಲ. ತುಷಾರ್ ನಿಲ್ಲಿಸಲಿಲ್ಲ.

ಅದು ಜಯ ಬಾಳೆಗಿಡಗಳ ಹತ್ತಿರ ಹೇಳಿದ ಹಾಗೆ ಇರಲಿಲ್ಲ. ಅವನು ಎಲ್ಲಿ ನಿಲ್ಲುತ್ತಿದ್ದನೋ ಅಲ್ಲಿ ರೋಷನ್ ನಿಲ್ಲಲಿಲ್ಲ, ಅವನು ನೆನೆಸದ ಕಡೆ ನಿಂತ. ಇದನ್ನು ತಿದ್ದಬೇಕು ಎಂದು ಜಯನ ಕೈ ಎರಡು ಸಲ ಎದ್ದು ತಾನಾಗಿ ಕೆಳಗೆ ಬಂತು. ಕೊನೆಯ ದೃಶ್ಯ ಬಂತು. ಮರ, ತಾಯಿ, ಶೆರೀಫನ ಕೈಯಲ್ಲಿ ಟೊಪ್ಪಿ. ರೋಷನ್ ಕಾಗದ ನೋಡಲಿಲ್ಲ. ಪರದೆಯನ್ನೂ ನೋಡಲಿಲ್ಲ. ಗಾಜಿನಾಚೆ ಕೂತ ಅಪ್ಪನನ್ನು ನೋಡುತ್ತ, "ನಾನು ಮುಂಬಾಗಿಲಲ್ಲಿ ಮಾತಾಡ್ತಾ ನಿಂತಿದ್ದೆ, ಅಮ್ಮ," ಎಂದ.

ತುಷಾರ್ ಗುಂಡಿ ಒತ್ತಿ ರೆಕಾರ್ಡಿಂಗ್ ನಿಲ್ಲಿಸಿದ. ಮೆರ್ಲಿನ್ ಕರ್ಚೀಫು ಹುಡುಕಿದಳು.

ಹಿಂದಿರುಗುವಾಗ ಆಟೋದಲ್ಲಿ ರೋಷನ್ ಕೇಳಿದ, "ಸರಿಯಾಯ್ತಾ?" ಸ್ಲೇಟು ಚೀಲದ ತಳದಲ್ಲಿತ್ತು, ರಸ್ತೆಯ ಟ್ರಾಫಿಕ್ಕಿನಲ್ಲಿ ಆಟೋ ಕುಲುಕುತ್ತಿತ್ತು. ಜಯ ತಲೆಯಾಡಿಸಿದ. ಹೌದು ಎಂದೋ, ಕುಲುಕಿಗೆ ಆಡಿತೋ, ರೋಷನಿಗೆ ತಿಳಿಯಲಿಲ್ಲವೆಂದು ಅವನ ಮುಖದಲ್ಲೇ ಕಾಣುತ್ತಿತ್ತು. "ಒಂದು ಮಾತು," ಎಂದ ರೋಷನ್ ಸ್ವಲ್ಪ ದೂರ ಹೋದ ಮೇಲೆ. "ಟಿ.ವಿ.ಯಲ್ಲಿ ಹೆಸರು ನಿಮ್ಮದೇ ಇರಲಿ ಅಂತ ಮೇಡಂಗೆ ಹೇಳಿದ್ದೇನೆ. ನಾನು ಮಾಡಿದ್ದು ಅಂತ ಯಾರಿಗೂ ಗೊತ್ತಾಗುದು ಬೇಡ. ಬಸ್ಸಿನಲ್ಲಿ ದಿನಾ ತಮಾಷೆ ಮಾಡ್ತಾರೆ. ಅಮ್ಮನಿಗೂ ಹೇಳಿದ್ದೇನೆ."

ಜಯ ಈ ಸಲ ಜೋರಾಗಿ ಇಲ್ಲವೆಂದು ತಲೆಯಲ್ಲಾಡಿಸಿದ. ರೋಷನ್ ಆಗಲೇ ಹೊರಗೆ ನೋಡುತ್ತಿದ್ದ.

ಮೂವತ್ತೊಂದನೆಯ ಕಂತು ಪ್ರಸಾರವಾದ ಭಾನುವಾರ ಹಿಂಬದಿಯ ಮನೆಯ ಲೋಕನಾಥ ಶೆಟ್ರು ಟಿ.ವಿ. ನೋಡಲು ಬಂದರು. ಹೋಟೆಲು ನಡೆಸಿ ನಿವೃತ್ತರಾದವರು. ಜಯನ ನಾಟಕ ಒಂದನ್ನೂ ತಪ್ಪಿಸದವರು. ಈ ಧಾರಾವಾಹಿಯನ್ನೂ ಮೊದಲಿನಿಂದ ನೋಡಿದ್ದರು. ರೋಷನಿಗೆ ಡ್ಯೂಟಿ. ಅಮ್ಮಣಿ ಚಾ ಇಟ್ಟು ಬಾಗಿಲ ಹತ್ತಿರ ನಿಂತಳು.

ಭಾಷಣ ಮುಗಿಯುವವರೆಗೆ ಶೆಟ್ರು ಚಾ ಮುಟ್ಟಲಿಲ್ಲ. ಕೊನೆಯ ಮಾತಿಗೆ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

"ಎಂತ ಸ್ವರ ಜಯಣ್ಣ! ಇಷ್ಟು ವರ್ಷ ನೋಡಿದ್ದೇನೆ, ನೀವು ಹೀಗೆ ಮಾಡಿದ್ದು ಒಂದು ಸಲವೂ ಕೇಳಿಲ್ಲ. ಎಲ್ಲಿ ಇಟ್ಟಿದ್ರಿ ಮಾರಾಯ್ರೆ ಇದನ್ನು? ಪುಣ್ಯ, ಆಪರೇಷನ್‌ಗೆ ಮೊದಲೇ ರೆಕಾರ್ಡ್ ಆಗಿತ್ತಲ್ಲ. ಅದಾದ್ರೂ ಉಳಿಯಿತು."

ಜಯ ಅಮ್ಮಣಿಯ ಕಡೆ ನೋಡಿದ. ಹೇಳು ಎಂದು ಕೈಬೀಸಿದ. ಅಮ್ಮಣಿ ಸೆರಗು ಬೆರಳಿಗೆ ಸುತ್ತಿಕೊಂಡು ನೆಲ ನೋಡಿದಳು. ಮಗನಿಗೆ ಮಾತು ಕೊಟ್ಟಿದ್ದಳು.

ಜಯ ಸ್ಲೇಟು ತೆಗೆದು 'ರೋಷನ್' ಎಂದು ಬರೆದು ಶೆಟ್ರ ಎದುರು ಹಿಡಿದ.

"ಹ್ಞಾಂ, ರೋಷನ್. ಡ್ಯೂಟಿಯಲ್ಲಿದ್ದಾನಾ? ಒಳ್ಳೆಯವ. ನಿಮ್ಮ ಸೇವೆ ಮಾಡ್ತಾನೆ ಅಂತ ಊರೆಲ್ಲ ಹೇಳ್ತಾರೆ."

ಜಯ ಟಿ.ವಿ.ಯತ್ತ ಬೆರಳು ತೋರಿಸಿದ. ಗುಂಡಿ ಒತ್ತಿ ಅಳಿಸಿ 'ಅದು ಅವನು' ಎಂದು ಬರೆದ. ಶೆಟ್ರು ಕನ್ನಡಕ ಹಾಕಿಕೊಂಡು ಸ್ಲೇಟನ್ನು ಓದಿದರು, ಪರದೆಯನ್ನು ನೋಡಿದರು. ಅಲ್ಲಿ ಆಗಲೇ ಸೋಪಿನ ಜಾಹೀರಾತು ಬರುತ್ತಿತ್ತು.

"ಹೌದು, ಹೌದು, ಅವನೇ," ಎಂದರು ಶೆಟ್ರು ತೊಡೆ ತಟ್ಟಿ. "ಗುಂಪಿನಲ್ಲಿದ್ದ ಆ ಬಿಳಿ ಟೊಪ್ಪಿಯವ ಅಲ್ವಾ? ನನಗೆ ಮೊದಲೇ ಡೌಟ್ ಇತ್ತು. ಅವನೇ ಹಿಂದಿನ ಬಾಗಿಲು ತೋರಿಸಿ ಕೊಟ್ಟದ್ದು. ನೀವು ನೋಡಿ, ಭಾಷಣ ಶುರುವಾಗುವಾಗ ಇದ್ದವ ಆಮೇಲೆ ಕಾಣುದೇ ಇಲ್ಲ!"

ಜಯನ ಬಾಯಿ ತೆರೆದುಕೊಂಡಿತು. ಅಲ್ಲ ಮಾರಾಯ್ರೆ, ಆ ಸ್ವರ ನನ್ನದಲ್ಲ, ನನ್ನ ಮಗನದ್ದು, ನಾನು ಮೂವತ್ತು ವರ್ಷದಲ್ಲಿ ಮಾಡದ್ದನ್ನು ಅವನು ಒಂದು ದಿನದಲ್ಲಿ ಮಾಡಿದ. ಇಡೀ ಮಾತನ್ನು ಅವನ ತುಟಿ ಆಡಿತು. ಶೆಟ್ರು ಮರ್ಯಾದೆಯಿಂದ ಅದು ಮುಗಿಯುವವರೆಗೆ ಕಾದು, "ಆಯ್ತು, ಆಯ್ತು, ಆಯಾಸ ಮಾಡ್ಬೇಡಿ," ಎಂದು ಭುಜ ತಟ್ಟಿ, ತಣ್ಣಗಾದ ಚಾವನ್ನು ಒಂದೇ ಗುಟುಕಿಗೆ ಕುಡಿದು ಎದ್ದರು.

ಅವರು ಹೋದ ಮೇಲೆ ಅಮ್ಮಣಿ, "ನಾನು ಹೇಳ್ಬೇಕಿತ್ತಾ?" ಎಂದಳು.

ಒಂದೂವರೆಗೆ ರೋಷನ್ ಊಟಕ್ಕೆ ಬಂದ. ಎರಡು ಟ್ರಿಪ್ಪಿನ ನಡುವೆ ಹದಿನೈದು ನಿಮಿಷ. ಕಾಲು ತೊಳೆದು ಕೂತು, ಅನ್ನಕ್ಕೆ ಬಂಗುಡೆ ಮೀನಿನ ಸಾರು ಹಾಕಿಸಿಕೊಂಡ.

"ಶೆಟ್ರು ಬಂದಿದ್ರಾ? ಎಂತ ಹೇಳಿದ್ರು?"

"ಪಪ್ಪನ ಸ್ವರ ಇಷ್ಟು ಚಂದ ಯಾವತ್ತೂ ಕೇಳಿಲ್ಲ ಅಂತ ಅತ್ತರು," ಎಂದಳು ಅಮ್ಮಣಿ.

ರೋಷನ್ ನಕ್ಕ. "ಸಾಕಲ್ಲ ಮತ್ತೆ," ಎಂದು ಉಣ್ಣತೊಡಗಿದ.

ಜಯ ಎದುರಿನ ಕುರ್ಚಿಯಲ್ಲಿ ಕೂತು ಸ್ಲೇಟಿನಲ್ಲಿ ಬರೆಯುತ್ತಿದ್ದ. ಒಂದೆರಡು ಪದಕ್ಕೆ ಮುಗಿಯುವಂಥದ್ದಲ್ಲ ಅದು. 'ನೀನು' ಎಂದು ಬರೆದು ಅಳಿಸಿದ. 'ಶೆಟ್ರು ಹೇಳಿದ್ದು' ಎಂದು ಬರೆದು ಅಳಿಸಿದ. ನಾಟಕದ ಮಾತುಗಳು ಬಾಯಿಪಾಠವಿದ್ದವು ಅವನಿಗೆ. ಮಗನನ್ನು ಮೆಚ್ಚುವ ಮಾತು ಯಾವ ಪಾರ್ಟಿನಲ್ಲೂ ಇರಲಿಲ್ಲ. ಕೊನೆಗೆ ಅಕ್ಷರ ಸಣ್ಣದಾಗಿ ಮಾಡಿಕೊಂಡು, ಮೇಲಿನ ಮೂಲೆಯಿಂದ, ಆ ದಿನ ಗಾಜಿನಾಚೆ ಕೂತು ತನಗೆ ಕೇಳಿದ್ದೇನು ಎಂದು ಬರೆಯತೊಡಗಿದ. ಎರಡು ಸಾಲು ಆಯಿತು. ಮೂರನೆಯದಕ್ಕೆ ಬರುವಾಗ ರೋಷನ್ ಕೈತೊಳೆದು ಟಿಕೆಟ್ ಮೆಷಿನ್ ಕುತ್ತಿಗೆಗೆ ಹಾಕಿಕೊಂಡಿದ್ದ.

"ಪಪ್ಪ, ಸಂಜೆ ಓದ್ತೇನೆ ಆಯ್ತಾ? ಡ್ರೈವರ್ ಹಾರ್ನ್ ಹಾಕ್ತಾ ಇದ್ದಾನೆ," ಎಂದು ಚಪ್ಪಲಿ ಮೆಟ್ಟಿ ಓಡಿದ.

ಜಯ ಅಳಿಸಲಿಲ್ಲ. ಸ್ಲೇಟನ್ನು ಮೇಜಿನ ಮೇಲೆ ಇಡಲೆಂದು ಬಗ್ಗಿದ. ಇಡುವಾಗ ಹೆಬ್ಬೆರಳು ಗುಂಡಿಗೆ ತಾಗಿತು.